ಹೆಪ್ಪಿನ ದೂರ

ಲೈಟ್ ಬಿಲ್ಲಿನ ಹಿಂದ ಮೂರು ಊರು ಬರದ್ರು ಇವರು,
ಪೆನ್ನಿನ ಟೊಪ್ಪಿಗಿ ಹಲ್ಲಾಗ ಕಚ್ಚಿಕೊಂಡು.
ಸೋಲಾಪುರ. ಜತ್ತ. ಮೈಂದರ್ಗಿ.
ಇಚಲಕರಂಜಿ ಬರೀಲಿಲ್ಲ.
ಇದ್ದ ಊರು ಯಾರು ಬರೀತಾರ.

ಮಗ್ಗ ಎರಡೂ ಮಾರಿ ಹದಿನಾಕು ದಿನ.
ಕೊಂಡವ ಟೆಂಪೋದಾಗ ಹೇರಿಕೊಂಡು ಹೋದ,
ನೆಲದಾಗ ಎಂಟು ಎಣ್ಣಿ ಕಲಿ ಉಳದ್ವು, ಕಾಲು ಊರಿದ್ದಲ್ಲೆಲ್ಲ.
ಸಪ್ಪಳ ನಿಂತ ಮನ್ಯಾಗ
ನಮ್ಮ ಮಾತು ನಮಗ ಜೋರು ಕೇಳಿ
ಇಬ್ರೂ ಪಿಸುಮಾತಿಗೆ ಇಳದಿದ್ವಿ.

ಶ್ರಾವಣದಾಗ ಸಣ್ಣವಗ ಜ್ವರ ಬಂದ ರಾತ್ರಿ
ಇವರು ಬೀಮು ತರಾಕ ಸೈಜಿಂಗಿಗೆ ಹೋಗಿದ್ರು.
ಪ್ರಾಜಕ್ತಾನ್ನ ಯಾರ ಕೈಯಾಗ ಬಿಡ್ಲಿ ಅಂತ
ಓಣಿ ಬಾಗಲಾ ಎಣಿಸಿದೆ, ಇಪ್ಪತ್ತಾರು.
ಎಲ್ಲಾರೂ ಒಳ್ಳೆಯವರ.
ಯಾರ ಕದಾ ಬಡೀಲಿ, ಇಷ್ಟೊತ್ತಿನ್ಯಾಗ, ಯಾವ ಸಲಿಗಿ ಮ್ಯಾಲ?
ಕಡೀಕ ಆಕಿನ್ನೂ ಕರಕೊಂಡ ಹೋದೆ.
ದವಾಖಾನಿ ಬಾಕಿನ ಮ್ಯಾಲ ಮಲಗಿತ್ತು ಹುಡುಗಿ
ನನ್ನ ಚಪ್ಪಲಿ ತಲಿದಿಂಬ ಮಾಡಿಕೊಂಡು.
ಊರು ಬಿಡೂದು ಅವತ್ತ ಖರೆ ಆತು,
ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟ.

ಸೋಲಾಪುರದಾಗ ನಮ್ಮ ಕಾಶೀನಾಥ ಕಾಕಾ.
"ಬರ್ರಿ, ಮ್ಯಾಲಿನ ಖೋಲಿ ಖಾಲಿ ಐತಿ."
ಆ ಖೋಲಿ ನೋಡೇನಿ ನಾ. ಅದಕ್ಕ ಜಿನೆ ಅವರ ಪಡಸಾಲ್ಯಾಗಿಂದ.
ಯಾವಾಗ ಏರಿದ್ವಿ, ಚೀಲದಾಗ ಏನ ತಂದ್ವಿ,
ಯಾರ ಮಾರಿ ಸಣ್ಣದಾಗಿತ್ತು,
ಕೌದಿ ಹೊಲಕೋತ ಕಾಕು ಎಲ್ಲಾ ಲೆಕ್ಕ ಇಡ್ತಾಳ.

ಜತ್ತಿನಾಗ ಇವರ ತಮ್ಮ ಧಾನಪ್ಪ.
ದ್ರಾಕ್ಷಿ ಪಡಕ್ಕ ಔಷಧ ಹೊಡಿಯೂ ಕೆಲಸ ಕೊಡಿಸ್ತೀನಿ ಅಂದ,
ಅನ್ಕೋತ ಅನ್ಕೋತ ಹೋದ ವರ್ಷದ ಎಂಟು ಸಾವಿರದ ಸುದ್ದಿ ತಗದ.
ಇವರು ಜತ್ತಿನ ಮುಂದ ಒಂದು ಸೊನ್ನಿ ಬರದು
ತಿದ್ದಿ ತಿದ್ದಿ ಅದನ್ನ ಕಪ್ಪ ಮಾಡಿದ್ರು.

ಮೈಂದರ್ಗಿಯಾಗ ಇವರ ಅಕ್ಕ, ಭೌರವ್ವ.
ಆಕಿ ಕರೀಲೇ ಇಲ್ಲ. ನಾನ ಫೋನ್ ಹಚ್ಚಿದೆ.
"ಇಲ್ಲೇನೈತಿ ಮಣ್ಣು? ನಮ್ಮ ಓಣಿಗೆ ನಳ ಬಂದ ದಿನ ಹಬ್ಬ.
ಕೆಲಸ ಅಂದ್ರ ದುಧನಿ ಅಡತಿಗೆ ಹೋಗಬೇಕು, ಕಾಳು ಹಸನ ಮಾಡಾಕ.
ನನ್ನ ನಾಲಿಗಿ ನಿನಗ ಗೊತ್ತೈತಿ,
ಮೂರ ದಿನದಾಗ ಜಗಳ ಬೀಳತಾವ.
ಬರಬ್ಯಾಡ್ರಿ."
ಸ್ವಲ್ಪ ತಡದು:
"ಪರಜಿ ಕನ್ನಡ ಸಾಲಿಗೆ ಹೋಗ್ತಾಳೋ, ಮರಾಠಿಗೋ?
ಎರಡೂ ಒಂದ ಕಂಪೌಂಡಿನಾಗ ಅದಾವ. ಕೇಳಿ ಬಂದೇನಿ."

ಪ್ರಾಜಕ್ತಾ ಅನ್ನಾಕ ಆಕಿಗೆ ನಾಲಿಗಿ ಹೊಳ್ಳಂಗಿಲ್ಲ.
ಪರಜಿ ಅಂದ್ರ ಸಿಟ್ಟಿಗೇಳೂ ಹುಡುಗಿ
ಬಾಗಲಾ ಹಿಂದ ನಿಂತಿತ್ತು.

"ಬ್ಯಾಡ ಅಂದಾಕಿ ಹತ್ರ ಹೋಗೂದಾ?" ಅಂದ್ರು ಇವರು.
ಬಾ ಅಂದವರು ಖೋಲಿ ಹೇಳಿದ್ರು, ಸಾಲ ಹೇಳಿದ್ರು,
ಬ್ಯಾಡ ಅಂದಾಕಿ ಸಾಲಿ ಕೇಳಿ ಬಂದಾಳ, ಅಂದೆ.

ಆಕಿ ಓಣ್ಯಾಗ ಮಾತ್ರ ಬ್ಯಾಡ.
ಕಾಸಿದ ಹಾಲು ಆರೂದ್ರಾಗ
ಹೋಗಿ ಹೆಪ್ಪು ತರೂವಷ್ಟು ದೂರ ಇರಲಿ ಮನಿ.
ಜಗಳದ ಸಪ್ಪಳ ಮುಟ್ಟಬಾರದು,
ನೆಗಡಿ ಸುದ್ದಿ ಮುಟ್ಟಬೇಕು.

"ಅಂದ್ರ ಎಷ್ಟು ಮೀಟರ್?" ಅಂತ ಇವರು
ಪೆನ್ನು ಹುಡುಕಿದ್ರು. ಪೆನ್ನು ಪ್ರಾಜಕ್ತಾನ ಕೈಯಾಗಿತ್ತು.
ಬಿಲ್ಲಿನ ಮೂಲ್ಯಾಗ ತನ್ನ ಹೆಸರು
ಒಂದು ಸಲ ಮರಾಠಿಯಾಗ ಬರದಿತ್ತು,
ಒಂದು ಸಲ ಅಪ್ಪ ಕಲಿಸಿದ ಸೊಟ್ಟ ಕನ್ನಡದಾಗ.
ಕನ್ನಡದ್ದು ಅರ್ಧಕ್ಕ ನಿಂತಿತ್ತು.
"ಕ್ತಾ ಹೆಂಗ ಬರೀತಾರ ಅವ್ವಾ?"

ನನಗೂ ಒಮ್ಮಿಗೆ ನೆನಪಾಗಲಿಲ್ಲ.
"ಪರಜಿ ಅಂತ ಬರಿ, ಒತ್ತಕ್ಷರದ ಕಾಟ ಇಲ್ಲ," ಅಂದ್ರು ಇವರು.
ಬರೀಲಿಲ್ಲ ಆಕಿ.
ಖರೆ, ಸಿಟ್ಟಿಗೂ ಏಳಲಿಲ್ಲ.